ಸೂಪರ್‌ಮಾರ್ಕೆಟ್‌ಗೆ ಮಾಲು ಹಾಕುವ ಮುಂಚೆ ಇದನ್ನು ಓದಿ

ಚಟ್ನಿಪುಡಿ, ಹಪ್ಪಳ, ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುವವರು ದಯವಿಟ್ಟು ಪೂರ್ತಿ ಓದಿ. ನಮಗಾದದ್ದು ನಿಮಗಾಗಬಾರದು.

ಧಾರವಾಡದಲ್ಲಿ ನಾವು ನಾಲ್ಕು ಹೆಣ್ಣುಮಕ್ಕಳು ಸೇರಿ ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ ಮಾಡುತ್ತೇವೆ. ಊರಿನ ಕಿರಾಣಿ ಅಂಗಡಿಗಳಿಗೆ ಹಾಕುತ್ತಿದ್ದೆವು. ಹೋದ ವರ್ಷ ಬೆಂಗಳೂರಿನ ಒಂದು ಸೂಪರ್‌ಮಾರ್ಕೆಟ್‌ನ ಖರೀದಿ ಮ್ಯಾನೇಜರ್ ಬಂದರು. ಎಲ್ಲ ಶಾಖೆಗೂ ಮಾಲು ಬೇಕು, ಆದರೆ ಬೇರೆ ಯಾರಿಗೂ ಕೊಡಬಾರದು ಅಂದರು. ಅಗ್ರಿಮೆಂಟ್ ಕೇಳಿದರೆ, "ಮೊದಲು ನಂಬಿಕೆ ಇರ್ಲಿ ಮೇಡಂ, ಪೇಪರ್ ಆಮೇಲೆ ಮಾಡೋಣ."

ನಾವು ಕೊಟ್ಟ ಮಾತು ಉಳಿಸಿಕೊಂಡೆವು. ಕಿರಾಣಿಯವರಿಗೆ ಕೊಡುವುದನ್ನು ನಿಲ್ಲಿಸಿದೆವು. ಸೂಪರ್‌ಮಾರ್ಕೆಟ್‌ನವರಿಂದ ಮೊದಲ ಬಿಲ್ಲಿನ ದುಡ್ಡು ಬಂತು, ಆಮೇಲೆ ಬರೀ "ಮುಂದಿನ ವಾರ". ದಸರಾಕ್ಕೆ ದೊಡ್ಡ ಆರ್ಡರ್ ಕೊಟ್ಟರು. ದೀಪಾವಳಿ ಮುಗಿದು ಎಷ್ಟೋ ದಿನದ ಮೇಲೆ ಪೆಟ್ಟಿಗೆಗಳು ವಾಪಸ್ ಬಂದವು. ಬಿಚ್ಚಿ ನೋಡಿದರೆ ಪ್ಯಾಕೆಟ್ ಮೇಲೆಲ್ಲ 'ಒಂದು ಕೊಂಡರೆ ಒಂದು ಉಚಿತ' ಸ್ಟಿಕ್ಕರ್. ಲೇಬಲ್ ಜಿಡ್ಡು ಹಿಡಿದಿತ್ತು, ಶೇಂಗಾ ಪುಡಿ ಕಮಟು ಹೊಡೆಯುತ್ತಿತ್ತು. ಆ ಆಫರ್ ಬಗ್ಗೆ ನಮ್ಮನ್ನು ಒಂದು ಮಾತೂ ಕೇಳಿರಲಿಲ್ಲ. ಜೊತೆಗೊಂದು ಡೆಬಿಟ್ ನೋಟ್, ಅಂದರೆ ನಮ್ಮ ಬಿಲ್ಲಿನಿಂದ ಕಳೆದುಕೊಂಡ ದುಡ್ಡಿನ ಚೀಟಿ: ಆಫರ್ ರಿಯಾಯಿತಿ, ಶೆಲ್ಫ್ ಬಾಡಿಗೆ, ಹಾಳಾದ ಮಾಲು. ಎಲ್ಲ ಕಳೆದು ಉಳಿದದ್ದು ಅರ್ಧಕ್ಕಿಂತ ಕಡಿಮೆ. ಆ ಬಿಲ್ಲುಗಳ ಜಿಎಸ್‌ಟಿ ನಾವು ಆಗಲೇ ಕಟ್ಟಿಯಾಗಿತ್ತು. ದುಡ್ಡು ಬರಲಿ ಬಿಡಲಿ, ಅದನ್ನು ಕಟ್ಟಲೇಬೇಕು ಅಲ್ವಾ.

ನಮ್ಮಂಥವರ ಪರವಾಗಿ 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಇದೆ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ 'ಬ್ಯಾಂಕ್ ದರ' ಅನ್ನುವ ಬಡ್ಡಿದರದ 3 ಪಟ್ಟು ಚಕ್ರಬಡ್ಡಿ. ಮಾಲಿನ ಬಗ್ಗೆ ತಕರಾರಿದ್ದರೆ ಅದು ತಲುಪಿದ 15 ದಿನದೊಳಗೆ ಬರೆದು ತಿಳಿಸಬೇಕು, ಇಲ್ಲವಾದರೆ ಒಪ್ಪಿಕೊಂಡಂತೆ. ತಿಂಗಳುಗಟ್ಟಲೆ ಶೆಲ್ಫಿನಲ್ಲಿಟ್ಟು ಆಮೇಲೆ 'ಹಾಳಾಗಿದೆ' ಅನ್ನುವವರಿಗೆ ಇದನ್ನೇ ತೋರಿಸಿ. ಇದೆಲ್ಲ ಸಿಗಬೇಕಾದರೆ ಮಾಲು ಕೊಡುವ ಮುಂಚೆಯೇ ಉದ್ಯಮ್ ನೋಂದಣಿ (ಇಂಥ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಮಾಡಿಸಿ. ಅದಕ್ಕೆ ಶುಲ್ಕವಿಲ್ಲ, ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.

"ನಮಗೊಬ್ಬರಿಗೇ ಕೊಡಿ" ಅಂದರೆ ತಿಂಗಳಿಗೆ ಕನಿಷ್ಠ ಎಷ್ಟು ಕೊಳ್ಳುತ್ತೇವೆ ಅಂತ ಅವರೂ ಬರೆದು ಕೊಡಲಿ. ಉಳಿದ ಮಾಲು ಯಾರ ತಲೆಗೆ, ಆಫರ್ ಖರ್ಚು ಯಾರದು ಅನ್ನುವುದೂ ಅದರಲ್ಲಿರಲಿ. ಬರೆದು ಕೊಡದಿದ್ದರೆ ಕಿರಾಣಿ ಅಂಗಡಿ ಬಿಡಬೇಡಿ.

ನಾವೀಗ ಇಂಥ ಬಾಕಿಯ ತಕರಾರು ಕೇಳುವ ಸರ್ಕಾರಿ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಹಾಕಿದ್ದೇವೆ. ಮಾಲು ಇಳಿಸಿದ ಚೀಟಿಗಳ (ಡೆಲಿವರಿ ಚಲನ್) ಮೇಲೆ ಸೂಪರ್‌ಮಾರ್ಕೆಟ್‌ನವರ ಸೀಲು, ಸಹಿ, ತಾರೀಖು ಇದೆ. ನಮ್ಮ ಕೈಯಲ್ಲಿರುವ ಗಟ್ಟಿ ದಾಖಲೆ ಅದೊಂದೇ. ಪ್ರತಿ ಸಲ ಮಾಲು ಇಳಿಸುವಾಗಲೂ ನೀವು ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ.