ಪ್ರೀಮಿಕ್ಸ್ ಕೂಲೆಂಟೋ, ನೀರು ಬೆರೆಸುವ ಕಾನ್ಸಂಟ್ರೇಟೋ?

ಕಾರಿನ ಎಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲೆಂಟನ್ನು ಮನೆಯಲ್ಲೇ ಬದಲಾಯಿಸುವವರು ಅಂಗಡಿಯಲ್ಲಿ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ: ನೀರು ಬೆರೆಸಿಯೇ ಬರುವ ಪ್ರೀಮಿಕ್ಸ್, ಇಲ್ಲವೇ ಡಿಸ್ಟಿಲ್ಡ್ ವಾಟರ್ ಬೆರೆಸಿಕೊಳ್ಳಬೇಕಾದ ಕಾನ್ಸಂಟ್ರೇಟ್. ನನ್ನ ಹಳೆಯ ಪೆಟ್ರೋಲ್ ಕಾರಿಗೆ ಎರಡನ್ನೂ ಹಾಕಿ ನೋಡಿದ್ದೇನೆ. ಇನ್ನು ಮುಂದೆ ಪೂರ್ತಿ ಬದಲಾವಣೆಗೆ ಪ್ರೀಮಿಕ್ಸ್ ಕೊಳ್ಳುವುದಿಲ್ಲ.

ರೇಡಿಯೇಟರಿನ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿದರೆ ಒಳಗಿದ್ದದ್ದೆಲ್ಲ ಹೊರಬರುವುದಿಲ್ಲ. ಎಂಜಿನ್ ಬ್ಲಾಕಿನಲ್ಲೂ ಹೀಟರಿನ ಕೊಳವೆಗಳಲ್ಲೂ ನಿಂತದ್ದು ಅಲ್ಲೇ ಉಳಿಯುತ್ತದೆ. ಹಳೆಯ ಕೂಲೆಂಟ್ ತುಕ್ಕಿನ ಬಣ್ಣಕ್ಕೆ ತಿರುಗಿದ್ದರಿಂದ ನಾನು ನೀರು ತುಂಬಿಸಿ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ದ್ರವವನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆರೆಯುವಷ್ಟು ಹೊತ್ತು ಎಂಜಿನ್ ಓಡಿಸಿ, ಪೂರ್ತಿ ತಣಿದ ಮೇಲೆ ಹೊರಬಿಟ್ಟು, ತಿಳಿನೀರು ಬರುವ ತನಕ ತೊಳೆದಿದ್ದೆ. ಹಾಗಾಗಿ ಒಳಗೆ ಉಳಿದದ್ದು ಬರೀ ನೀರು. ನಾಲ್ಕು ಲೀಟರ್ ಹಿಡಿಯುವ ಕಡೆ ಒಂದೂವರೆ ಲೀಟರ್ ಹೀಗೆ ಉಳಿಯಿತೆನ್ನಿ. ಮಿಕ್ಕ ಜಾಗಕ್ಕೆ ಎರಡೂವರೆ ಲೀಟರ್ ಪ್ರೀಮಿಕ್ಸ್ ಹಿಡಿಯುತ್ತದೆ, ಅದರಲ್ಲೂ ಅರ್ಧ ನೀರೇ. ಡಬ್ಬಿಯ ಮೇಲೆ 50:50 ಎಂದಿದ್ದರೂ ಕೂಲೆಂಟಿನ ಮುಖ್ಯ ಅಂಶವಾದ ಗ್ಲೈಕಾಲ್ ಎಂಜಿನ್ನಿಗೆ ಸಿಗುವುದು ಶೇ. 31ರಷ್ಟು ಮಾತ್ರ. ಕೂಲೆಂಟ್ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆಂದು ತೋರಿಸುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದಾಗ, ಮೈನಸ್ 37 ಡಿಗ್ರಿಯ ಹತ್ತಿರ ಕಾಣಬೇಕಾದ ಗೆರೆ ಮೈನಸ್ 16ರ ಸುತ್ತ ನಿಂತಿತ್ತು.

ಹೆಪ್ಪುಗಟ್ಟುವ ಚಿಂತೆ ನಮ್ಮ ಕರ್ನಾಟಕದಲ್ಲಿಲ್ಲ, ನಿಜ. ಆದರೆ ತುಕ್ಕು ತಡೆಯುವ ರಾಸಾಯನಿಕಗಳೂ ಅದೇ ಲೆಕ್ಕದಲ್ಲಿ ತೆಳುವಾಗುತ್ತವೆ, ಕುದಿಬಿಂದುವೂ ತುಸು ಇಳಿಯುತ್ತದೆ. ಎಸಿ ಹಾಕಿಕೊಂಡು ತುಂಬಿದ ಕಾರಿನಲ್ಲಿ ಚಾರ್ಮಾಡಿ ಘಾಟಿ ಹತ್ತುವವನಿಗೆ ಇದು ಸಣ್ಣ ಮಾತಲ್ಲ. ಸರಿಪಡಿಸಲು ಹೊರಟರೆ, ಆಗಷ್ಟೇ ಹಾಕಿದ್ದರಲ್ಲಿ ಒಂದಷ್ಟನ್ನು ಹೊರಬಿಟ್ಟು ಮತ್ತೆ ಪ್ರೀಮಿಕ್ಸ್ ಸುರಿಯಬೇಕು. ಅಷ್ಟು ಮಾಡಿದರೂ ಗ್ಲೈಕಾಲ್ ಪೂರ್ತಿ ಶೇ. 50ಕ್ಕೆ ಏರುವುದಿಲ್ಲ.

ಕಾನ್ಸಂಟ್ರೇಟಿನಲ್ಲಿ ಈ ತಲೆನೋವಿಲ್ಲ. ಕಾರಿನ ಕೈಪಿಡಿಯಲ್ಲಿರುವ ಒಟ್ಟು ಅಳತೆಯ ಅರ್ಧದಷ್ಟನ್ನು ನೀರು ಬೆರೆಸದೆ ಮೊದಲು ಹಾಕಿ, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿದರೆ, ಒಳಗೆ ಉಳಿದಿದ್ದ ನೀರೂ ಲೆಕ್ಕಕ್ಕೆ ಸೇರಿ ಪಾಕ ಸರಿಹೋಗುತ್ತದೆ. ಆ ಉಳಿದ ನೀರು ಎಂಜಿನ್ನಿನಲ್ಲೇ ವರ್ಷಗಟ್ಟಲೆ ಇರುವುದರಿಂದ ಕೊನೆಯ ತೊಳೆತವನ್ನು ಮಾತ್ರ ಡಿಸ್ಟಿಲ್ಡ್ ವಾಟರಿನಲ್ಲೇ ಮಾಡಬೇಕು. ಬೆಂಗಳೂರಿನ ಬೋರ್‌ವೆಲ್ ನೀರು ಗೀಸರಿನ ಕಾಯಿಲಿಗೆ ಏನು ಮಾಡುತ್ತದೆಂದು ಕಂಡವರಿಗೆ ಕಾರಣ ಹೇಳಬೇಕಿಲ್ಲ. ಕಾನ್ಸಂಟ್ರೇಟನ್ನು ಹಾಗೆಯೇ ಪೂರ್ತಿ ತುಂಬುವುದೂ ತಪ್ಪು, ಏಕೆಂದರೆ ಬರೀ ಗ್ಲೈಕಾಲ್ ನೀರಿನಷ್ಟು ಚೆನ್ನಾಗಿ ಶಾಖವನ್ನು ಹೊರುವುದಿಲ್ಲ.

ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ ಹೊರಡಿಸುವ ಕೆಲಸ ಎರಡಕ್ಕೂ ಒಂದೇ. ಬಣ್ಣಕ್ಕೆ ಯಾವ ಸಾರ್ವತ್ರಿಕ ನಿಯಮವೂ ಇಲ್ಲ. ಹಸಿರೋ ಕೆಂಪೋ ಎಂದು ನೋಡದೆ ಕೈಪಿಡಿ ಹೇಳಿದ ಬಗೆಯನ್ನೇ ಕೊಳ್ಳಬೇಕು. ಹೊರಬಿಟ್ಟ ಕೂಲೆಂಟ್ ಸಿಹಿಯಾಗಿರುವ ವಿಷವಾದ್ದರಿಂದ ಬೀದಿನಾಯಿಗಳ ಬಾಯಿಗೆ ಸಿಗದಂತೆ ಕ್ಯಾನಿನಲ್ಲಿ ಹಿಡಿದಿಡಬೇಕು.

ಖರ್ಚಿನ ಲೆಕ್ಕದಲ್ಲೂ ಒಂದು ಲೀಟರ್ ಕಾನ್ಸಂಟ್ರೇಟ್ ಎರಡು ಲೀಟರಾಗುತ್ತದೆ, ಪ್ರೀಮಿಕ್ಸಿನಲ್ಲಿ ನೀರಿಗೂ ದುಡ್ಡು ಕೊಡುತ್ತೇವೆ. ಭಾನುವಾರ ಬೆಳಿಗ್ಗೆ ಅಳತೆಯ ಜಗ್ ಹಿಡಿದು ಕೂರುವ ಅಭ್ಯಾಸವಿಲ್ಲದವರು, ನೀರಿನಲ್ಲಿ ತೊಳೆಯದೆ ಅದೇ ಬಗೆಯ ಹೊಸದನ್ನು ತುಂಬುವುದಾದರೆ, ಧಾರಾಳವಾಗಿ ಪ್ರೀಮಿಕ್ಸ್ ಹಾಕಬಹುದು. ನನ್ನ ಡಿಕ್ಕಿಯಲ್ಲೂ ಅದರ ಒಂದು ಲೀಟರ್ ಡಬ್ಬಿಯಿದೆ: ಎಂಜಿನ್ ತಣ್ಣಗಿರುವಾಗ ರಿಸರ್ವ್ ಡಬ್ಬಿಯ ಮಟ್ಟ ಕೆಳಗೆರೆಗೆ ಇಳಿದಿದ್ದರೆ ಮೇಲಕ್ಕೆ ತುಂಬಲು. ಪದೇ ಪದೇ ಹಾಗೆ ತುಂಬಬೇಕಾಗಿ ಬಂದರೆ ಹೋಸ್, ವಾಟರ್ ಪಂಪ್, ರೇಡಿಯೇಟರ್ ಮುಚ್ಚಳಗಳಲ್ಲಿ ಸೋರಿಕೆ ಹುಡುಕಬೇಕು.