ಐದು ಸ್ಟಾರ್ ಎಸಿಗೆ ದುಡ್ಡು ಸುರಿಯುವ ಮುನ್ನ: ಹಾಸನ, ಚಿಕ್ಕಮಗಳೂರಿನವರಿಗೆ ಎಚ್ಚರಿಕೆ

2024ರ ಮಾರ್ಚ್ ಕೊನೆಗೆ ಹಾಸನದ ಸಾಲಗಾಮೆ ರಸ್ತೆ ಕಡೆಯ ಒಂದು ಮನೆಯವರು ಒಂದೂವರೆ ಟನ್ನಿನ ಐದು ಸ್ಟಾರ್ ಸ್ಪ್ಲಿಟ್ ಎಸಿ ಹಾಕಿಸಿದರು. ಕೋಣೆ 10 ಅಡಿಗೆ 11 ಅಡಿ, ಮೇಲೆ ಬರೀ ತಾರಸಿ. ಪಕ್ಕದಲ್ಲೇ ಇದ್ದ ಮೂರು ಸ್ಟಾರ್‌ಗಿಂತ 8,000 ರೂಪಾಯಿ ಜಾಸ್ತಿ. ‘ಎರಡೇ ವರ್ಷಕ್ಕೆ ಕರೆಂಟ್ ಬಿಲ್‌ನಲ್ಲಿ ವಾಪಸ್ ಬರುತ್ತೆ ಸಾರ್’ ಎಂದು ಅಂಗಡಿಯಲ್ಲಿ ಹೇಳಿದ್ದರು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದ ಮನೆ ಅದು. ಏಪ್ರಿಲ್ ಬಳಕೆಯ ಬಿಲ್ 1,500 ದಾಟಿತು.

ಮೊದಲ ಮೋಸ ಲೇಬಲ್‌ನಲ್ಲೇ ಇತ್ತು. ಬಿಇಇ (ಸ್ಟಾರ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ಲೇಬಲ್ ಮೇಲೆ ನಕ್ಷತ್ರದ ಜೊತೆ ಐಎಸ್‌ಇಇಆರ್ ಎಂಬ ಅಂಕಿಯೂ ವರ್ಷವೂ ಇರುತ್ತವೆ. ಖರ್ಚಾಗುವ ಕರೆಂಟಿಗೆ ಎಸಿ ಎಷ್ಟು ತಂಪು ಕೊಡುತ್ತದೆ ಎಂಬುದರ ಅಂಕಿ ಅದು, ಹೆಚ್ಚಿದ್ದಷ್ಟೂ ಒಳ್ಳೆಯದು. ಇವರ ಎಸಿಯ ಲೇಬಲ್ 2021ರದ್ದು, ಐಎಸ್‌ಇಇಆರ್ 4.55. ಆಗ ಸ್ಪ್ಲಿಟ್ ಎಸಿಗೆ 4.50 ಇದ್ದರೆ ಐದು ಸ್ಟಾರ್ ಸಿಗುತ್ತಿತ್ತು. 2022ರ ಜುಲೈನಿಂದ ಅದು 5.00ಕ್ಕೆ ಏರಿತು, 4.40ರಿಂದ 4.99ರವರೆಗಿನದು ನಾಲ್ಕು ಸ್ಟಾರ್ ಆಯಿತು. ಅಂದರೆ ಗೋದಾಮಿನಲ್ಲಿ ಉಳಿದಿದ್ದ ಹಳೇ ಮಾಲು ಐದು ಸ್ಟಾರ್ ಬೆಲೆಗೆ ಹೋಯಿತು. ಈ ಪಟ್ಟಿ ಕೆಲವು ವರ್ಷಕ್ಕೊಮ್ಮೆ ಬಿಗಿಯಾಗುತ್ತಲೇ ಇರುತ್ತದೆ. ಹಾಗಾಗಿ ನಕ್ಷತ್ರ ಎಣಿಸಬೇಡಿ, ಐಎಸ್‌ಇಇಆರ್ ಅಂಕಿಯನ್ನೇ ಹೋಲಿಸಿ.

ಇನ್ನು ‘ವಾಪಸ್ ಬರುತ್ತೆ’ ಎಂಬ ಲೆಕ್ಕ. ಲೇಬಲ್‌ನಲ್ಲಿ ಕಾಣುವ ವಾರ್ಷಿಕ ಯೂನಿಟ್ ವರ್ಷಕ್ಕೆ 1,600 ಗಂಟೆ ಓಡಿಸಿದರೆ ಆಗುವ ಖರ್ಚು. ಹೊರಗೆ 24ರಿಂದ 43 ಡಿಗ್ರಿ ಇರುತ್ತದೆಂದು ಹಿಡಿದು ಮಾಡಿದ ಲೆಕ್ಕ ಅದು. ಕಲಬುರಗಿಗೆ ಸರಿ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಾಗಲಿ, ಅದಕ್ಕೂ ಎತ್ತರದ ಚಿಕ್ಕಮಗಳೂರಿನಲ್ಲಾಗಲಿ ಎಸಿ ಬೇಕಾಗುವುದು ಮಾರ್ಚ್ ಮಧ್ಯದಿಂದ ಮೇ ಕೊನೆವರೆಗೆ. ದಿನಕ್ಕೆ ಐದಾರು ಗಂಟೆಯಂತೆ 75 ದಿನ ಎಂದರೂ 400 ಗಂಟೆ ಆಸುಪಾಸು. ಲೇಬಲ್ ಅಂಕಿಯ ಕಾಲು ಭಾಗ ಮಾತ್ರ ನಿಮ್ಮದು.

ಒಂದೂವರೆ ಟನ್ನಿನ ಮೂರು ಸ್ಟಾರ್ ಎಸಿಯ ಲೇಬಲ್‌ನಲ್ಲಿ 975 ಯೂನಿಟ್, ನಿಜವಾದ ಐದು ಸ್ಟಾರ್‌ನಲ್ಲಿ 760 ಎಂದಿಟ್ಟುಕೊಳ್ಳಿ. ವ್ಯತ್ಯಾಸ 215. ಅದರ ಕಾಲು ಭಾಗ 54 ಯೂನಿಟ್. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೂ ವರ್ಷಕ್ಕೆ 380 ರೂಪಾಯಿ ಉಳಿತಾಯ. 8,000 ಹುಟ್ಟಬೇಕಾದರೆ ಇಪ್ಪತ್ತೊಂದು ವರ್ಷ ಬೇಕು, ಎಸಿ ಅಷ್ಟು ದಿನ ಬಾಳಿದರೆ! ಇವರ 4.55ರ ಎಸಿಗಂತೂ ಮೂವತ್ತು ವರ್ಷ ದಾಟುತ್ತದೆ.

ಬಿಲ್ ಏರಿದ್ದು ಫಿಟ್ಟಿಂಗ್‌ನಿಂದ. ಔಟ್‌ಡೋರ್ ಯೂನಿಟ್ಟನ್ನು ಬಟ್ಟೆ ಒಗೆಯುವ ಯುಟಿಲಿಟಿಯೊಳಗೆ, ಶೀಟು ಹೊಡೆದ ಗ್ರಿಲ್ ಹಿಂದೆ ಕೂರಿಸಿದ್ದರು. ಅದು ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿತ್ತು. ಸಾಲದ್ದಕ್ಕೆ ವ್ಯಾಕ್ಯೂಮ್ ಪಂಪ್ ಹಾಕದೆ, ಸ್ವಲ್ಪ ಗ್ಯಾಸ್ ಬಿಟ್ಟು ಪೈಪಿನ ಗಾಳಿ ಹೊರಹಾಕಿದ್ದರು. ಹಾಗೆ ಮಾಡಿದರೆ ಗಾಳಿ, ತೇವ ಒಳಗೇ ಉಳಿದು ಕಂಪ್ರೆಸರ್ ಮೇಲೆ ಹೊರೆ ಬೀಳುತ್ತದೆ. ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ 95 ಯೂನಿಟ್ ಆಗಬೇಕಿದ್ದ ಜಾಗದಲ್ಲಿ 120 ಉರಿಯಿತು. ಮನೆಯ ಉಳಿದ ಬಳಕೆ 95. ಒಟ್ಟು 215.

ಇಲ್ಲಿ ಗೃಹಜ್ಯೋತಿಯ ನಿಯಮ ತಿಳಿದಿರಬೇಕು. 200 ಯೂನಿಟ್ ಒಳಗಿದ್ದರೆ ನಿಮ್ಮ ಸರಾಸರಿ ಲೆಕ್ಕದ ಉಚಿತ ಪಾಲಿಗಿಂತ ಹೆಚ್ಚು ಬಳಸಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನಿಮ್ಮ ತಲೆಗೆ. ಹಾಸನದ ಸೆಸ್ಕ್ ಇರಲಿ, ಚಿಕ್ಕಮಗಳೂರಿನ ಮೆಸ್ಕಾಂ ಇರಲಿ, ಇದು ಒಂದೇ. ಗಡಿಯ ಹತ್ತಿರ ಇರುವ ಮನೆಗೆ ಐದು ಸ್ಟಾರ್ ತಿಂಗಳಿಗೆ ಇಪ್ಪತ್ತು ಚಿಲ್ಲರೆ ಯೂನಿಟ್ ಉಳಿಸುವುದು ನಿಜ. ಆದರೆ ರಿಮೋಟ್‌ನಲ್ಲಿ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಉಳಿಯುತ್ತದೆ ಎನ್ನುತ್ತದೆ ಬಿಇಇ. 24ರ ಬದಲು 26ಕ್ಕೆ ಇಟ್ಟು ಫ್ಯಾನ್ ಹಾಕಿದರೆ ಅದರಲ್ಲಿ ಅರ್ಧ ಬಿಟ್ಟಿಯಾಗಿ ಸಿಕ್ಕಿತು.

ಟನ್ ಕೂಡ ತಪ್ಪಾಗಿತ್ತು. 110 ಚದರಡಿಗೆ ಒಂದು ಟನ್ ಸಾಕು, ತಾರಸಿ ಕೆಳಗಿದ್ದರೂ ಸಾಕು. ದೊಡ್ಡದು ಹಾಕಿದರೆ ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ತೇವ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ. ಮುಂಗಾರು ಹಿಡಿದ ಮೇಲೆ ಕೋಣೆ ತಣ್ಣಗಿದ್ದರೂ ಹಾಸಿಗೆ ಅಂಟಂಟು. ಟನ್ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಒಂದು ಟನ್ ಎಂದರೆ 3,517 ವ್ಯಾಟ್. ಅದಕ್ಕಿಂತ ಕಡಿಮೆ ಇರುವ ಮಾಡೆಲ್‌ಗಳೂ ಅದೇ ಹೆಸರಲ್ಲಿ ಮಾರಾಟವಾಗುತ್ತವೆ. ಲೇಬಲ್‌ನಲ್ಲಿ ಶೇ. 100ರ ಸಾಮರ್ಥ್ಯ ಎಷ್ಟು ವ್ಯಾಟ್ ಎಂದು ನೋಡಿಕೊಳ್ಳಿ.

ಚಿಕ್ಕಮಗಳೂರಿನ ಹೆಂಚಿನ ಮನೆಯವರಿಗೆ ಸ್ಟಾರ್ ಚರ್ಚೆಯೇ ದಂಡ. ಸಂದಿಯಿಂದ ತಂಪು ಹೋಗುತ್ತಲೇ ಇರುತ್ತದೆ, ಮೊದಲು ಫಾಲ್ಸ್ ಸೀಲಿಂಗ್ ಆಗಲಿ. ಸಕಲೇಶಪುರ, ಮೂಡಿಗೆರೆ ಕಡೆ ಫ್ಯಾನೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಬಯಲುಸೀಮೆಯ ಕಡೂರು, ಅರಸೀಕೆರೆಯಲ್ಲಿ ಹಗಲಿಡೀ ಮನೆಯಿಂದ ಕೆಲಸ ಮಾಡುವವರು, ಕ್ಲಿನಿಕ್ ಇಟ್ಟವರು ವರ್ಷಕ್ಕೆ 1,200 ಗಂಟೆ ಮುಟ್ಟುವುದಾದರೆ ಐದು ಸ್ಟಾರ್ ತೆಗೆದುಕೊಳ್ಳಲಿ. ಮಿಕ್ಕವರಿಗೆ ಮೂರು ಸ್ಟಾರ್ ಇನ್ವರ್ಟರ್ ಎಸಿ (ಬೇಕಾದಷ್ಟಕ್ಕೆ ಕಂಪ್ರೆಸರ್ ವೇಗ ಹೊಂದಿಸಿಕೊಳ್ಳುವಂಥದ್ದು) ಧಾರಾಳ. ಉಳಿದ ದುಡ್ಡಿನಲ್ಲಿ ಸ್ಟೆಬಿಲೈಸರ್ ಹಾಕಿಸಿ, ಅರ್ತಿಂಗ್ ಸರಿಮಾಡಿಸಿ. ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡದಿದ್ದರೆ ಇನ್ವರ್ಟರ್ ಎಸಿಯ ಪಿಸಿಬಿ (ಒಳಗಿನ ಸರ್ಕ್ಯೂಟ್ ಬೋರ್ಡ್) ಸುಟ್ಟುಹೋಗಬಹುದು.

ದುಡ್ಡು ಕೊಡುವ ಮುಂಚೆ ಡಬ್ಬ ತೆಗೆಸಿ ಲೇಬಲ್ ಫೋಟೊ ಹಿಡಿದುಕೊಳ್ಳಿ. ಬಿಲ್ಲಿನಲ್ಲಿ ಮಾಡೆಲ್ ಸಂಖ್ಯೆ, ತಯಾರಾದ ತಿಂಗಳು, ಐಎಸ್‌ಇಇಆರ್ ಬರೆಸಿ. ಫಿಟ್ಟಿಂಗ್ ದಿನ ವ್ಯಾಕ್ಯೂಮ್ ಪಂಪ್ ತಂದಿದ್ದಾರೋ ನೋಡಿ, ಹದಿನೈದು-ಇಪ್ಪತ್ತು ನಿಮಿಷ ಓಡಿಸಿ, ಆಮೇಲೆ ಗೇಜ್ ಮುಳ್ಳು ಏರದೆ ನಿಂತಿದೆಯೇ ಎಂದು ನೋಡಿದ ಮೇಲೆಯೇ ಗ್ಯಾಸ್ ವಾಲ್ವ್ ತೆರೆಯಲು ಬಿಡಿ.