ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್: ಎಳೆಯ ಆಟಗಾರರ ಭವಿಷ್ಯ ಅಳೆಯೋಕೆ ಎಷ್ಟು ನಂಬಬಹುದು?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರಿಗೆ ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್ ಅನ್ನುವ ಅಂಕಿ ಅಂಶಗಳ ಸೈಟಿನ ಪರಿಚಯ ಬೇಕಿಲ್ಲ. ಯಾವ ಆಟಗಾರನ ಹೆಸರು ಹುಡುಕಿದರೂ ಮೊದಲ ಎರಡು ಮೂರು ಲಿಂಕ್‌ಗಳಲ್ಲಿ ಅದು ಬಂದೇ ಬರುತ್ತದೆ. ಜಾಹೀರಾತು ಇರುತ್ತದೆ, ಆದರೆ ಓದೋಕೆ ಕಾಸು ಕೊಡಬೇಕಿಲ್ಲ. ವರ್ಷಗಳಿಂದ ಬಳಸುತ್ತಿದ್ದೇನೆ. ಬಳಸುವುದು ಹೆಚ್ಚಾಗಿ ಒಂದೇ ಕೆಲಸಕ್ಕೆ: ಈಗ 19, 20 ವರ್ಷದ ಹುಡುಗರಲ್ಲಿ ಇನ್ನು ಐದು ವರ್ಷಕ್ಕೆ ಯಾರು ನಿಲ್ಲುತ್ತಾರೆ ಅಂತ ಅಂದಾಜು ಮಾಡೋಕೆ.

ಯಾಕೆ ಈ ತಲೆನೋವು ಅಂದರೆ, ನಮ್ಮ ಗೆಳೆಯರದ್ದು ಒಂದು ಡೈನಸ್ಟಿ ಲೀಗ್ ಇದೆ. ಫ್ಯಾಂಟಸಿ ಲೀಗೇ (ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟಿ, ಅವರ ಅಂಕಿಗಳ ಮೇಲೆ ಗೆಲ್ಲುವ ಆಟ), ಆದರೆ ಸೀಸನ್ ಮುಗಿದರೂ ಆಟಗಾರರು ನಮ್ಮ ಬಳಿಯೇ ಉಳಿಯುತ್ತಾರೆ. ಹಾಗಾಗಿ ಈ ವರ್ಷ 25 ಅಂಕ ಹೊಡೆಯುವ 33ರ ಆಟಗಾರನಿಗಿಂತ 9 ಅಂಕದ 19ರ ಹುಡುಗನಿಗೆ ಕೆಲವೊಮ್ಮೆ ಬೆಲೆ ಜಾಸ್ತಿ. ಪಂದ್ಯಗಳೋ, ನಮಗೆ ಬೆಳಗಿನ ಜಾವ ಶುರುವಾಗುತ್ತವೆ, ಆಫೀಸಿಗೆ ಹೊರಡುವ ಹೊತ್ತಿಗೂ ಮುಗಿದಿರುವುದಿಲ್ಲ. 30 ತಂಡಗಳ ಬೆಂಚಿನಲ್ಲಿ ಕೂತಿರುವ ಹುಡುಗರನ್ನೆಲ್ಲ ನೋಡಿ ತೀರ್ಮಾನ ಮಾಡುವುದು ಆಗದ ಮಾತು. ಅಂಕಿ ಅಂಶಗಳ ಕಡೆಗೆ ಹೋಗಲೇಬೇಕು.

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಈ ಸೈಟು ಯಾರು ಬೆಳೆಯುತ್ತಾರೆ ಅಂತ ಹೇಳುವುದಕ್ಕಿಂತ, ಯಾರ ಬಗ್ಗೆ ನಾವು ಸುಮ್ನೆ ಕುಣಿಯುತ್ತಿದ್ದೇವೆ ಅಂತ ಹೇಳುವುದರಲ್ಲಿ ಗಟ್ಟಿ.

2013ರ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಪುಟ ತೆಗೆದು ನೋಡಿ. ಪ್ರತಿ ವರ್ಷದ ಡ್ರಾಫ್ಟಿಗೂ ಒಂದು ಪುಟ ಇದೆ, ಆಯ್ಕೆಯಾದ ಕ್ರಮದಲ್ಲೇ ಎಲ್ಲರ ಹೆಸರು, ಪಕ್ಕದಲ್ಲಿ ಅವರು ಇಡೀ ವೃತ್ತಿಯಲ್ಲಿ ಮಾಡಿದ್ದೆಲ್ಲ. ಮೊದಲ ಹೆಸರು ಆಂಥೊನಿ ಬೆನೆಟ್, ಕ್ಲೀವ್‌ಲ್ಯಾಂಡ್. ರೂಕಿ ವರ್ಷ, ಅಂದರೆ ಲೀಗಿನ ಮೊದಲ ವರ್ಷ, ಪಂದ್ಯಕ್ಕೆ 4.2 ಅಂಕ. 2016-17ರ ಸೀಸನ್ ಆದಮೇಲೆ ಎನ್‌ಬಿಎಯಲ್ಲಿ ಅವನ ಸುದ್ದಿಯೇ ಇಲ್ಲ. ಕಣ್ಣು ಕೆಳಗೆ ಇಳಿಸಿದರೆ 15ನೇ ಸಾಲಿನಲ್ಲಿ ಯಾನಿಸ್ ಆಂಟೆಟೊಕೂಂಪೊ, 27ರಲ್ಲಿ ರೂಡಿ ಗೋಬೇರ್. ಆಟಗಾರನ ಒಟ್ಟು ಕೊಡುಗೆ ಅಳೆಯುವ ಕೊನೆಯ ಕಾಲಮ್ಮಿನ ತಲೆಬರಹ ಒತ್ತಿದರೆ ಪಟ್ಟಿ ತಿರುಗಾಮುರುಗಾ ಆಗುತ್ತದೆ, ಯಾನಿಸ್ ಮೇಲೆ ಬಂದು ಕೂರುತ್ತಾನೆ. ತಂಡದ ಮ್ಯಾನೇಜರುಗಳಿಗೆ ಬೈಯೋಕೆ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಆದರೆ ಆ ವರ್ಷದ ಅಂಕಿಗಳನ್ನಷ್ಟೇ ನೋಡಿ ನಾವಾದರೂ ಏನು ಹೇಳುತ್ತಿದ್ದೆವು? 2013-14ರಲ್ಲಿ ರೂಕಿ ಆಫ್ ದಿ ಇಯರ್ ಆದದ್ದು ಫಿಲಡೆಲ್ಫಿಯಾದ ಮೈಕಲ್ ಕಾರ್ಟರ್-ವಿಲಿಯಮ್ಸ್. ಪಂದ್ಯಕ್ಕೆ 16.7 ಅಂಕ, 6.2 ರೀಬೌಂಡ್ (ಬುಟ್ಟಿಗೆ ಬೀಳದ ಚೆಂಡು ಹಿಡಿದದ್ದು), 6.3 ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್). ಮೊದಲ ಪಂದ್ಯದಲ್ಲೇ ಮಯಾಮಿ ವಿರುದ್ಧ 22 ಅಂಕ, 12 ಅಸಿಸ್ಟ್, 9 ಸ್ಟೀಲ್ (ಎದುರಾಳಿಯಿಂದ ಕಸಿದ ಚೆಂಡು). ಅದೇ ವರ್ಷ ಮಿಲ್ವಾಕಿಯಲ್ಲಿ ಯಾನಿಸ್‌ದು 6.8 ಅಂಕ. ಹೆಡ್‌ಲೈನ್ ಓದುವವರಿಗೆ ಪ್ರಶ್ನೆಯೇ ಇರಲಿಲ್ಲ.

ಸೈಟು ಕೆಲಸಕ್ಕೆ ಬರುವುದು ಇಲ್ಲೇ. ಕಾರ್ಟರ್-ವಿಲಿಯಮ್ಸ್ ಪುಟದಲ್ಲಿ ಅಂಕಗಳನ್ನು ಬಿಟ್ಟು ಉಳಿದ ಕಾಲಮ್ಮುಗಳಿಗೆ ಬನ್ನಿ. ವಯಸ್ಸು 22. ಫೀಲ್ಡ್ ಗೋಲ್ (ಆಟದ ನಡುವಿನ ಎಲ್ಲ ಎಸೆತ) ಶೇ. 40.5, ತ್ರೀ ಪಾಯಿಂಟ್ (ದೂರದಿಂದ ಮೂರಂಕದ ಎಸೆತ) ಶೇ. 26.4, ಫ್ರೀ ಥ್ರೋ (ಫೌಲಿಗೆ ಸಿಗುವ ಎಸೆತ) ಶೇ. 70ರ ಆಸುಪಾಸು. ತಂಡದ ಪುಟಕ್ಕೆ ಹೋದರೆ ಇನ್ನೊಂದು ಗುಟ್ಟು: ಆ ಸೀಸನ್ ಅತಿ ವೇಗದಲ್ಲಿ ಆಡಿದ ತಂಡ ಫಿಲಡೆಲ್ಫಿಯಾ, ಗೆದ್ದದ್ದು ಮಾತ್ರ 19 ಪಂದ್ಯ. ವೇಗ ಜಾಸ್ತಿ ಇದ್ದರೆ ಎಲ್ಲರ ಲೆಕ್ಕವೂ ಊದಿಕೊಳ್ಳುತ್ತದೆ. ಬೇರೆ ಯಾರೂ ಇಲ್ಲದ ತಂಡದಲ್ಲಿ ಚೆಂಡು ಇಡೀ ದಿನ ಇವನ ಕೈಯಲ್ಲೇ. ಹತ್ತು ನಿಮಿಷ ಕೂತು ಆ ಪುಟ ಓದಿದವನು ಅಷ್ಟು ಬೇಗ ಮರುಳಾಗುವುದಿಲ್ಲ. ಫಿಲಡೆಲ್ಫಿಯಾದವರೂ ಮರುಳಾಗಲಿಲ್ಲ ಅನ್ನಿ. 2015ರ ಫೆಬ್ರವರಿಯಲ್ಲಿ ಅವನನ್ನು ಮಾರಿದರು. ಎಲ್ಲಿಗೆ? ಮಿಲ್ವಾಕಿಗೆ, ಅದೇ ಯಾನಿಸ್ ಪಕ್ಕಕ್ಕೆ.

ಹಾಗಾದರೆ ಯಾನಿಸ್ ಪುಟ ಏನು ಹೇಳುತ್ತಿತ್ತು? ವಯಸ್ಸಿನ ಕಾಲಮ್ಮಿನಲ್ಲಿ 19. ಗ್ರೀಸ್‌ನ ಎರಡನೇ ದರ್ಜೆಯ ಲೀಗಿನಿಂದ ನೇರ ಬಂದವನು. ಆದರೂ 77 ಪಂದ್ಯ, ಪಂದ್ಯಕ್ಕೆ 24.6 ನಿಮಿಷ. ಅಷ್ಟು ಎಳೆಯನಿಗೆ ಕೋಚ್ ಅಷ್ಟು ನಿಮಿಷ ಕೊಡುತ್ತಾರೆ ಅಂದರೆ ಏನೋ ಕಂಡಿರಬೇಕು. ನನ್ನ ಮಟ್ಟಿಗೆ ಎಳೆಯರ ಪುಟದಲ್ಲಿ ಅಂಕಕ್ಕಿಂತ ಮೊದಲು ನೋಡಬೇಕಾದ್ದು ವಯಸ್ಸು ಮತ್ತು ನಿಮಿಷ, ಈ ಎರಡು.

ಅದೇ ಸಾಲಿನಲ್ಲಿ ಎಡವಿ ಬೀಳೋಕೆ ಒಂದು ಗುಂಡಿಯೂ ಇದೆ. ಯಾನಿಸ್‌ನ ರೂಕಿ ವರ್ಷದ ತ್ರೀ ಪಾಯಿಂಟ್ ಶೇ. 34.7. ಪರವಾಗಿಲ್ವೇ, ಇವನು ಶೂಟರ್ ಆಗುತ್ತಾನೆ ಅನ್ನಿಸುತ್ತದೆ. ಮುಂದಿನ ವರ್ಷ ಅದು ಶೇ. 15.9. ಮೊದಲ ವರ್ಷದ ಪ್ರಯತ್ನಗಳೇ 118, ಎರಡನೇ ವರ್ಷ 44. ಇಷ್ಟು ಸಣ್ಣ ಲೆಕ್ಕದಲ್ಲಿ ನಾಲ್ಕು ಚೆಂಡು ಆ ಕಡೆ ಬಿದ್ದರೂ, ಈ ಕಡೆ ಬಿದ್ದರೂ ಕಥೆ ಬದಲು. ಹುಡುಗ ಮುಂದೆ ಎರಡು ಸಲ ಎಂವಿಪಿ (ಸೀಸನ್ನಿನ ಅತ್ಯುತ್ತಮ ಆಟಗಾರ) ಆದ, 2021ರ ಫೈನಲ್ಸ್‌ನ ಕೊನೆಯ ಪಂದ್ಯದಲ್ಲಿ 50 ಅಂಕ ಹೊಡೆದು ಕಪ್ ಎತ್ತಿದ. ಅದು ಆ 34.7ರಿಂದಲ್ಲ.

ತ್ರೀ ಪಾಯಿಂಟ್ ಬದಲು ಫ್ರೀ ಥ್ರೋ ನೋಡಿ ಅನ್ನುವುದು ಈ ವಲಯದ ಹಳೆಯ ಬುದ್ಧಿಮಾತು. ಅಡ್ಡ ಯಾರೂ ಇಲ್ಲ, ದೂರ ಒಂದೇ, ಆದ್ದರಿಂದ ಕೈಯ ಹದ ಅಲ್ಲೇ ತಿಳಿಯುತ್ತದೆ. ಕಾಲೇಜು ಅಂಕಿಗಳಿಗೆ ಇದೇ ಕಂಪನಿಯ ಬೇರೆ ವಿಭಾಗ ಇದೆ, ಆಟಗಾರನ ಪುಟದಿಂದಲೇ ಅಲ್ಲಿಗೆ ಹೋಗಬಹುದು. ಕವಾಯ್ ಲೆನರ್ಡ್ ಸ್ಯಾನ್ ಡಿಯೇಗೊ ಸ್ಟೇಟ್‌ನಲ್ಲಿ ಎರಡು ವರ್ಷ ಸೇರಿ ಹೊಡೆದ ತ್ರೀ ಪಾಯಿಂಟ್ ಶೇ. 25ರ ಆಸುಪಾಸು, ಫ್ರೀ ಥ್ರೋ ಮಾತ್ರ 75ರ ಹತ್ತಿರ. ಎನ್‌ಬಿಎಯ ಸ್ಪರ್ಸ್ ತಂಡ ಸೇರಿದ ಮೊದಲ ವರ್ಷವೇ ತ್ರೀ ಪಾಯಿಂಟ್ ಶೇ. 37.6. ಮಾರ್ಕೆಲ್ ಫುಲ್ಟ್ಜ್ ಇದಕ್ಕೆ ಉಲ್ಟಾ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ತ್ರೀ ಪಾಯಿಂಟ್ ಶೇ. 41.3, ಫ್ರೀ ಥ್ರೋ ಶೇ. 64.9. 2017ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ, ಎನ್‌ಬಿಎಯಲ್ಲಿ ಶೂಟಿಂಗೇ ಕೈಕೊಟ್ಟಿತು.

ನಿಯಮ ಗೆದ್ದಿತು ಅಂತ ಇಲ್ಲಿಗೇ ನಿಲ್ಲಿಸಿದರೆ ಮೋಸ ಆಗುತ್ತದೆ. ಫುಲ್ಟ್ಜ್‌ಗೆ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಇದೆ ಅಂತ 2018ರ ಡಿಸೆಂಬರಿನಲ್ಲಿ ಗೊತ್ತಾಯಿತು. ಕುತ್ತಿಗೆ, ಭುಜದ ನಡುವೆ ನರ ಅದುಮಿಕೊಳ್ಳುವ ತೊಂದರೆ. ಕಾಲೇಜಿನ ಶೇ. 64.9ಕ್ಕೂ ಇದಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಪುಟ ತೆರೆದರೆ ರೂಕಿ ವರ್ಷ, 2017-18ರಲ್ಲಿ, 14 ಪಂದ್ಯ ಆಡಿದ್ದಾನೆ ಅಂತ ಮಾತ್ರ ಕಾಣುತ್ತದೆ. ಉಳಿದ 68 ಪಂದ್ಯ ಯಾಕಿಲ್ಲ ಅನ್ನೋದು ಅಂಕಿಗಳ ಕೋಷ್ಟಕದಲ್ಲಿ ಇರುವುದಿಲ್ಲ. ಎಳೆಯರ ಭವಿಷ್ಯದ ವಿಷಯದಲ್ಲಿ ಮೈಯೇ ಅರ್ಧ ಕಥೆ. ಗ್ರೆಗ್ ಓಡನ್ 2007ರಲ್ಲಿ, ಮುಂದೆ ದೊಡ್ಡ ಹೆಸರಾದ ಡುರಾಂಟ್‌ಗಿಂತ ಮೊದಲು ಆಯ್ಕೆಯಾಗಿ ಒಟ್ಟು ಆಡಿದ್ದು 105 ಪಂದ್ಯ. ಸ್ಪರ್ಸ್‌ನ ಎಳೆಯ ತಾರೆ ವೆಂಬನ್ಯಾಮಾ ಎರಡನೇ ವರ್ಷವೇ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ 2025ರ ಫೆಬ್ರವರಿಯಲ್ಲಿ ಸೀಸನ್ ಮುಗಿಸಬೇಕಾಯಿತು. ಇದನ್ನು ಯಾವ ಕಾಲಮ್ಮೂ ಮುಂಚೆ ಹೇಳಲ್ಲ, ಹೇಳು ಅಂತ ಕೇಳುವುದೂ ತಪ್ಪು.

ಮೈ ವಿಷಯ ಬಂತಲ್ಲ, ಇನ್ನೊಂದು. ಯಾನಿಸ್ ಹೆಸರಿನ ಕೆಳಗೆ ಎತ್ತರ 6 ಅಡಿ 11 ಇಂಚು ಅಂತಿದೆ. ಡ್ರಾಫ್ಟ್ ದಿನ ಅವನು 6 ಅಡಿ 9ರ ಆಸುಪಾಸು ಇದ್ದ, ಆಮೇಲೂ ಬೆಳೆದ. ಪುಟದಲ್ಲಿ ಆಟಗಾರನಿಗೆ ಒಂದೇ ಎತ್ತರ, ಒಂದೇ ತೂಕ. 19ಕ್ಕೆ ಹೇಗಿದ್ದ, 23ಕ್ಕೆ ಹೇಗಾದ ಅನ್ನುವುದು ಅಲ್ಲಿಲ್ಲ. ನಮ್ಮ ಕೆಲಸಕ್ಕೆ ಬೇಕಾದ್ದೇ ಅದು, ಅಲ್ವಾ?

ವಯಸ್ಸಿನ ಕಾಲಮ್ಮು ಬಹಳ ಮುಖ್ಯ ಅಂದೆ. ಅದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಸೀಸನ್ ಸಾಲಿನಲ್ಲಿ ಬರೆಯುವ ವಯಸ್ಸು ಆ ವರ್ಷದ ಫೆಬ್ರವರಿ 1ಕ್ಕೆ ಎಷ್ಟಾಗಿತ್ತೋ ಅದು. ಲೂಕಾ ಡಾನ್ಚಿಚ್ ಹುಟ್ಟಿದ್ದು ಫೆಬ್ರವರಿ 28, ವೆಂಬನ್ಯಾಮಾ ಜನವರಿ 4. ರೂಕಿ ವರ್ಷದ ಸಾಲಿನಲ್ಲಿ ಲೂಕಾಗೆ 19, ವೆಂಬನ್ಯಾಮಾಗೆ 20. ನೋಡಿದರೆ ಒಂದು ವರ್ಷದ ಅಂತರ. ಕೂತು ಲೆಕ್ಕ ಹಾಕಿದರೆ ಎರಡು ತಿಂಗಳೂ ಇಲ್ಲ. 21.2 ಅಂಕದ 19ರವನು, 21.4 ಅಂಕದ 20ರವನು ಅಂತ ಹೋಲಿಸಿ ವಾದ ಮಾಡುವವರನ್ನು ನೋಡಿದಾಗೆಲ್ಲ ನಗು ಬರುತ್ತದೆ. ಹುಟ್ಟಿದ ದಿನ ಮೇಲೆಯೇ ಬರೆದಿರುತ್ತದೆ, ಒಮ್ಮೆ ನೋಡಿ ಸಾಕು.

ವಯಸ್ಸು ಚಿಕ್ಕದಿದ್ದವನೇ ಗೆಲ್ಲುತ್ತಾನೆ ಅಂತಲೂ ಇಲ್ಲ. 2009-10ರಲ್ಲಿ ಟೈರೀಕ್ ಇವಾನ್ಸ್ ಪಂದ್ಯಕ್ಕೆ 20ರ ಮೇಲೆ ಅಂಕ, 5ರ ಮೇಲೆ ರೀಬೌಂಡ್, 5ರ ಮೇಲೆ ಅಸಿಸ್ಟ್ ಮಾಡಿ ರೂಕಿ ಆಫ್ ದಿ ಇಯರ್ ಆದ. ಅವನಿಗೆ ಮುಂಚೆ ರೂಕಿಯಾಗಿ ಹಾಗೆ ಮಾಡಿದವರು ಆಸ್ಕರ್ ರಾಬರ್ಟ್‌ಸನ್, ಜೋರ್ಡನ್, ಲೆಬ್ರಾನ್ ಮಾತ್ರ. ಅದೇ ವರ್ಷ ಬಂದ, ಮುಂದೆ ಅವನಿಗಿಂತ ಎಷ್ಟೋ ದೊಡ್ಡ ಆಟಗಾರನಾದ ಸ್ಟೆಫ್ ಕರಿ ಇವಾನ್ಸ್‌ಗಿಂತ ಒಂದೂವರೆ ವರ್ಷ ದೊಡ್ಡವನು, 17.5 ಅಂಕ. ವಯಸ್ಸು, ಅಂಕ ಎರಡೂ ಇವಾನ್ಸ್ ಕಡೆಗೇ. ಕರಿ ಸಾಲಿನಲ್ಲಿ ಇದ್ದದ್ದು ತ್ರೀ ಪಾಯಿಂಟ್ ಶೇ. 43.7, ಫ್ರೀ ಥ್ರೋ ಶೇ. 88.5. ಪ್ಯಾಸ್ಕಲ್ ಸಿಯಾಕಮ್‌ದು ಇನ್ನೊಂದು ಥರ. 22ಕ್ಕೆ ರೂಕಿ, 4.2 ಅಂಕ. ಈ ಕಾಲಮ್ಮುಗಳ ಪ್ರಕಾರ ಬಿಟ್ಟುಬಿಡಬೇಕಾದವನು. ಕ್ಯಾಮರೂನ್‌ನಲ್ಲಿ ಹದಿಹರೆಯದ ಕೊನೆಗೆ ಆಟ ಹಿಡಿದವನು ಅಂತ ಗೊತ್ತಿದ್ದರೆ ಮಾತ್ರ ಆ 22 ಬೇರೆ ಥರ ಕಾಣುತ್ತದೆ. ಮೂರನೇ ವರ್ಷಕ್ಕೆ 16.9 ಅಂಕ, ಮೋಸ್ಟ್ ಇಂಪ್ರೂವ್ಡ್ ಪ್ರಶಸ್ತಿ, ಟೊರೊಂಟೊಗೆ ಕಪ್.

36 ನಿಮಿಷದ ಕೋಷ್ಟಕಕ್ಕೆ, ಅಂದರೆ ಪಂದ್ಯಕ್ಕೆ 36 ನಿಮಿಷ ಆಡಿದ್ದರೆ ಎಷ್ಟಾಗುತ್ತಿತ್ತು ಅನ್ನುವ ಲೆಕ್ಕಕ್ಕೆ, ಪೂರ್ತಿ ಅಂಕ ಕೊಡುತ್ತೇನೆ. ಬೆಂಚಿನಿಂದ ಬಂದು ಸ್ವಲ್ಪ ಹೊತ್ತು ಆಡುವವರನ್ನು ಅಳೆಯೋಕೆ ಅದೇ ದಾರಿ. ಮುಂದೆ ಎಂವಿಪಿ ಆದ ಯೊಕಿಚ್ 2015-16ರಲ್ಲಿ 21.7 ನಿಮಿಷಕ್ಕೆ 10 ಅಂಕ, 7 ರೀಬೌಂಡ್. ಸಾಧಾರಣ. 36 ನಿಮಿಷಕ್ಕೆ ಎಳೆದರೆ 16ರ ಮೇಲೆ ಅಂಕ, 11ರ ಮೇಲೆ ರೀಬೌಂಡ್, 4ರ ಹತ್ತಿರ ಅಸಿಸ್ಟ್, ಅದೂ 20ರ ಸೆಂಟರ್‌ಗೆ (ಬುಟ್ಟಿ ಬಳಿ ಆಡುವ ಎತ್ತರದವನು). 41ನೇ ಆಯ್ಕೆ! ಗೋಬೇರ್ ಮೊದಲ ವರ್ಷ ಆಡಿದ್ದು ಪಂದ್ಯಕ್ಕೆ 9.6 ನಿಮಿಷ, ಅದರಲ್ಲೇ 0.9 ಬ್ಲಾಕ್ (ಎದುರಾಳಿಯ ಎಸೆತ ತಡೆದದ್ದು). ಮುಂದೆ ನಾಲ್ಕು ಸಲ ಡಿಫೆನ್ಸಿವ್ ಪ್ಲೇಯರ್ ಆಫ್ ದಿ ಇಯರ್. ಆದರೆ 36 ನಿಮಿಷಕ್ಕೆ ಹಿಗ್ಗಿಸಿದಾಗ ಭರ್ಜರಿಯಾಗಿ ಕಾಣುವ ಬೆಂಚಿನವರು ಪ್ರತಿ ವರ್ಷ ಹತ್ತಾರು ಜನ ಸಿಗುತ್ತಾರೆ, ಅವರಲ್ಲಿ ಹೆಚ್ಚಿನವರು ಬೆಂಚಿನಲ್ಲೇ ಉಳಿಯುತ್ತಾರೆ. ಇದನ್ನು ಹುಡುಕಾಟಕ್ಕೆ ಬಳಸಿ, ತೀರ್ಪಿಗೆ ಬೇಡ.

ಸಿಮಿಲಾರಿಟಿ ಸ್ಕೋರ್ ಅಂತ ಒಂದು ಪಟ್ಟಿ ಇದೆ, ಹೊಸಬರು ಅಲ್ಲಿಗೇ ಓಡುತ್ತಾರೆ. ಅದು ವಿನ್ ಶೇರ್ಸ್ (ತಂಡದ ಗೆಲುವಿನಲ್ಲಿ ಒಬ್ಬೊಬ್ಬರ ಪಾಲು) ಲೆಕ್ಕದಲ್ಲಿ ವೃತ್ತಿಯ ಏರಿಳಿತ ಹೋಲಿಸುತ್ತದೆ, ಆಟದ ಶೈಲಿಯನ್ನಲ್ಲ. ಚೆಂಡು ನಡೆಸುವ ಗಾರ್ಡ್ ಪಕ್ಕ ಸೆಂಟರ್ ಬಂದು ಕೂತಿರುತ್ತಾನೆ. ಮಜಾಕ್ಕೆ ಸರಿ.

ಡಿಫೆನ್ಸ್ ವಿಷಯದಲ್ಲಿ ಒಂದು ಸ್ಟಾರ್ ಕಡಿಮೆ ಮಾಡಿದ್ದು. ಬಾಕ್ಸ್ ಸ್ಕೋರಿನಲ್ಲಿ (ಪಂದ್ಯದ ಅಂಕಿಗಳ ಪಟ್ಟಿ) ಸ್ಟೀಲ್, ಬ್ಲಾಕ್, ಡಿಫೆನ್ಸಿವ್ ರೀಬೌಂಡ್, ಫೌಲ್ ಬಿಟ್ಟರೆ ಉಳಿದದ್ದು ಕಾಣುವುದಿಲ್ಲ. ಡಿಫೆನ್ಸಿಗೇ ಹೆಸರಾದ ಡ್ರೇಮಂಡ್ ಗ್ರೀನ್ 35ನೇ ಆಯ್ಕೆ, ರೂಕಿ ವರ್ಷ 2.9 ಅಂಕ. ಆ ಪುಟದಲ್ಲಿ ಅವನ ಬಾಯಿ ಎಲ್ಲಿದೆ, ನಾಲ್ಕು ಜನರನ್ನು ಜಾಗಕ್ಕೆ ತಳ್ಳಿ ನಿಲ್ಲಿಸುವುದು ಎಲ್ಲಿದೆ? ಕೈ ತಾಗಿಸಿ ಚೆಂಡು ತಪ್ಪಿಸಿದ್ದು, ನೆಲಕ್ಕೆ ಬಿದ್ದ ಚೆಂಡಿಗೆ ಹಾರಿದ್ದು, ಇವಕ್ಕೆಲ್ಲ ಎನ್‌ಬಿಎಯದ್ದೇ ಸೈಟಿಗೆ ಹೋಗಬೇಕು. ಇಲ್ಲವೇ ಬೆಳಗ್ಗೆ ಬೇಗ ಎದ್ದು ಪಂದ್ಯ ನೋಡಬೇಕು.

2015ರ ಡ್ರಾಫ್ಟ್ ಪುಟವನ್ನು ಭಾರತದವರೆಲ್ಲ ಒಮ್ಮೆಯಾದರೂ ತೆರೆದಿರುತ್ತಾರೆ. 52ನೇ ಸಾಲು, ಡಲ್ಲಾಸ್, ಸತ್ನಾಮ್ ಸಿಂಗ್. ಎನ್‌ಬಿಎ ತಂಡವೊಂದು ಡ್ರಾಫ್ಟಿನಲ್ಲಿ ಆರಿಸಿದ ಮೊದಲ ಭಾರತೀಯ. ಸಾಲಿನ ಉಳಿದ ಕಾಲಮ್ಮುಗಳು ಖಾಲಿ, ಯಾಕೆಂದರೆ ಎನ್‌ಬಿಎ ಪಂದ್ಯ ಒಂದೂ ಆಡಲಿಲ್ಲ. ಕಾಲೇಜು ಆಡದೆ ಬಂದವನಾದ್ದರಿಂದ ಮುಂಚಿನ ಅಂಕಿಗಳೂ ಇಲ್ಲ. 7 ಅಡಿ 2 ಇಂಚು ಅನ್ನುವುದೊಂದೇ ಆವತ್ತು ನಮ್ಮ ಕೈಯಲ್ಲಿದ್ದ ಆಧಾರ. ಎತ್ತರ ನೋಡಿ ಎಷ್ಟು ಕನಸು ಕಂಡೆವೋ!

ಕಾಸು ಕೊಡುವ ಸ್ಟ್ಯಾಟ್‌ಹೆಡ್ ಬೇಕಾ? ಅದು ಇದೇ ಅಂಕಿಗಳ ಮೇಲೆ ನಮಗೆ ಬೇಕಾದ ಷರತ್ತು ಹಾಕಿ ಹುಡುಕುವ ಸೌಲಭ್ಯ. 19 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಸೀಸನ್ ಪೂರ್ತಿ 20 ಅಂಕದ ಸರಾಸರಿ ಯಾರದ್ದು ಅಂತ ಕೇಳಿದರೆ, 2024-25ರವರೆಗಿನ ಲೆಕ್ಕದಲ್ಲಿ ಲೆಬ್ರಾನ್, ಕಾರ್ಮೆಲೊ, ಡುರಾಂಟ್, ಲೂಕಾ ಬರುತ್ತಾರೆ. 24 ಪಂದ್ಯ ಆಡಿದ್ದರೂ ಸಾಕು ಅಂದರೆ ಝಯಾನ್ ವಿಲಿಯಮ್ಸನ್ ಕೂಡ. ಚೆನ್ನಾಗಿದೆ, ಆದರೆ ಇವರ ಭವಿಷ್ಯ ಹೇಳೋಕೆ ಯಾವ ಸೈಟೂ ಬೇಕಿರಲಿಲ್ಲ. ಕಷ್ಟ ಇರುವುದು ಶೇಯ್ ಗಿಲ್ಜಸ್-ಅಲೆಕ್ಸಾಂಡರ್ ಥರದವರಲ್ಲಿ: 11ನೇ ಆಯ್ಕೆ, 20ನೇ ವಯಸ್ಸಿನಲ್ಲಿ 10.8 ಅಂಕ, 82 ಪಂದ್ಯ, ಫ್ರೀ ಥ್ರೋ ಶೇ. 80. ಅದೇ ಷರತ್ತು ಹಾಕಿ ಹುಡುಕಿದರೆ ಉದ್ದ ಪಟ್ಟಿ ಬರುತ್ತದೆ, 2025ರಲ್ಲಿ 32.7 ಅಂಕದ ಎಂವಿಪಿ ಆದವನು ಅದರಲ್ಲಿ ಒಬ್ಬನೇ. ಡೈನಸ್ಟಿ ಲೀಗ್ ಆಡುವವರು ಡ್ರಾಫ್ಟ್ ಹತ್ತಿರ ಬಂದಾಗ ಒಂದು ತಿಂಗಳು ತಗೊಂಡು ನೋಡಿ. ಪಂದ್ಯ ನೋಡಿ ಖುಷಿಪಡುವವರಿಗೆ ಪುಕ್ಕಟೆ ಪುಟಗಳೇ ಜಾಸ್ತಿ.